ಸಂಜೆ ಆರರ ಮೇಲಿನ ಯಜಮಾನ

ನನ್ನ ಗಂಡನಿಗೆ ಹೊಟ್ಟೆಕಿಚ್ಚು ಪಡುವುದೇ ಗೊತ್ತಿಲ್ಲ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ, ಪರೀಕ್ಷೆ ಮಾಡಲೆಂದೇ, ಪಕ್ಕದ ಬೀದಿಯ ಔಷಧಿ ಅಂಗಡಿಯವನು ಎಷ್ಟು ಚೆನ್ನಾಗಿ ನಗುತ್ತಾನೆ ಎಂದು ಊಟದ ಹೊತ್ತಿನಲ್ಲಿ ಹೊಗಳಿದ್ದೆ. "ಹೌದು, ಒಳ್ಳೇ ಮನುಷ್ಯ" ಎಂದು ಇನ್ನೊಂದು ಸಲ ಬಡಿಸಿಕೊಂಡರು. ತವರಿಗೆ ಹೋಗಿ ಹೇಳಿದ್ದಕ್ಕಿಂತ ಎಷ್ಟೋ ದಿನ ಹೆಚ್ಚಿಗೆ ಕೂತು ಬಂದರೂ "ಬಂದ್ಯಾ" ಎನ್ನುವರು, ಅಷ್ಟೇ. ಯಾಕೆ ತಡ, ಯಾರು ತಡೆದರು, ಒಂದೂ ಇಲ್ಲ. ನನ್ನ ಅಕ್ಕತಂಗಿಯರೆಲ್ಲ ದೇವರಂಥ ಗಂಡ ಸಿಕ್ಕಿದ್ದಾನೆ ಎನ್ನುತ್ತಿದ್ದರು. ದೇವರೇ ಸರಿ, ಕಲ್ಲಿನ ದೇವರು. ಕೈ ಮುಗಿಯಬಹುದು, ಮಾತಾಡಿಸಿದರೆ ಉತ್ತರವಿಲ್ಲ.

ಅಂಥವರಿಗೆ ಕೊನೆಗೂ ಹೊಟ್ಟೆಕಿಚ್ಚು ಹತ್ತಿಕೊಂಡಿತು. ನನ್ನ ವಿಷಯಕ್ಕಲ್ಲ, ಅಂಗಡಿಯಲ್ಲಿ ಗಾಜು ಕೊಯ್ಯುವವನ ವಿಷಯಕ್ಕೆ.

ನಮ್ಮದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ನನ್ನ ಕೌಂಟರು, ಹಿಂದೆ ಕೆಲಸದ ಮೇಜು, ಮೇಜಿನ ಆಚೆ ಗೋಡೆಗೆ ಒರಗಿಸಿ ನಿಲ್ಲಿಸಿದ ಮರದ ಪಟ್ಟಿಗಳು, ಅದರ ಪಕ್ಕದಲ್ಲಿ ಗಾಜಿನ ಹಾಳೆಗಳ ಗೂಡು. ಮಹಡಿಯ ಮೇಲೆ ಮನೆ. ಮೂಲೆ ಕೂಡಿಸುವುದರಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಎರಡು ಪಟ್ಟಿಗಳ ತುದಿಯನ್ನು ಓರೆಯಾಗಿ ಕೊಯ್ದು ಜೋಡಿಸಿದರೆಂದರೆ ಸಂದಿಯಲ್ಲಿ ಕೂದಲು ತೂರಿಸಲೂ ಜಾಗ ಸಿಗದು. ಆದರೆ ಗಾಜು ಮಾತ್ರ ಅವರ ಕೈಗೆ ಒಗ್ಗಲಿಲ್ಲ. ಗಾಜಿನ ಮೇಲೆ ಕಟ್ಟರನ್ನು ಒಂದೇ ಸಲ ಎಳೆಯಬೇಕು. ಅದೇ ಗೆರೆಯ ಮೇಲೆ ಮತ್ತೊಮ್ಮೆ ಎಳೆದರೆ ಗಾಜು ತನಗೆ ತೋಚಿದ ಕಡೆ ಒಡೆಯುತ್ತದೆ. ನಮ್ಮವರಿಗೆ ಒಂದು ಸಲ ಎಳೆದದ್ದರ ಮೇಲೆ ನಂಬಿಕೆ ಬಾರದು, ಇನ್ನೊಮ್ಮೆ ಎಳೆದು ಕೆಡಿಸುವರು. ಅದಕ್ಕೇ ಅವನನ್ನು ಇಟ್ಟುಕೊಂಡದ್ದು. ಅವನು ಉಸಿರು ಹಿಡಿದು ಒಂದು ಗೆರೆ ಎಳೆದು, ಕೆಳಗಿಂದ ಮೆಲ್ಲಗೆ ತಟ್ಟಿದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು. ಬೀದಿಯವರೆಲ್ಲ ಅವನನ್ನು ಕರೆಯುವುದೇ ಒಂದ್ಗೆರೆ ಎಂದು.

ಬೆಳಗಿನಿಂದ ಸಂಜೆ ಆರರವರೆಗೆ ಮೇಜಿನ ಒಂದು ಕಡೆ ಅವನು, ಇನ್ನೊಂದು ಕಡೆ ಇವರು. ಮಾತು ಕಡಿಮೆ. ಅವನು ಕೈ ಚಾಚಿದರೆ ಇವರು ಸುತ್ತಿಗೆ ಕೊಡುವರು, ಇವರು ತಲೆ ಎತ್ತಿದರೆ ಅವನು ಅಂಟಿನ ಡಬ್ಬಿ ಸರಿಸುವನು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ತಿಳಿಯದ ಮನುಷ್ಯ ಇವರು.

ಒಂದು ಸೋಮವಾರ ಬೆಳಿಗ್ಗೆ ಒಂದ್ಗೆರೆ ಚಪ್ಪಲಿ ಬಿಟ್ಟು ಒಳಗೆ ಬಂದವನು ಕೆಲಸಕ್ಕೆ ಕೈ ಹಾಕದೆ ಮೇಜಿನ ಮುಂದೆ ನಿಂತ.

"ಯಜಮಾನ್ರೇ, ಒಂದು ವಿಷಯ. ಬೇರೆಯವರಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ನಾನೇ ಹೇಳ್ತಿದ್ದೀನಿ."

"ಏನಪ್ಪಾ?"

"ಸಂಜೆ ಆರರ ಮೇಲೆ, ಆಮೇಲೆ ರಜಾ ದಿನ, ಮನೇಲಿ ಸ್ವಂತಕ್ಕೆ ಒಂದು ಸಣ್ಣ ಕೆಲಸ ಶುರು ಮಾಡ್ತಿದ್ದೀನಿ. ಮೀನಿನ ತೊಟ್ಟಿ ಮಾಡಿಕೊಡೋದು. ಕಟ್ಟು ಹಾಕೋ ಕೆಲಸ ಮುಟ್ಟಲ್ಲ. ಇಲ್ಲಿನ ಗಾಜು, ಇಲ್ಲಿನ ಕಟ್ಟರ್ ಒಂದನ್ನೂ ಮುಟ್ಟಲ್ಲ. ಅಂಗಡೀಲಿದ್ದಾಗ ಆ ಕೆಲಸದ ಫೋನ್ ಬಂದ್ರೆ ಎತ್ತಲ್ಲ."

"ಮಾಡು ಮಾಡು. ಮನುಷ್ಯ ಅಂದ್ಮೇಲೆ ಬೆಳೀಬೇಕು," ಎಂದರು ನಮ್ಮವರು. ಹೇಳುವಾಗ ಕೈಯಲ್ಲಿದ್ದ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಅಂದು ಮಧ್ಯಾಹ್ನವೇ ಶುರುವಾಯಿತು. ಊಟಕ್ಕೆ ಮಹಡಿ ಹತ್ತಿ ಬಂದವರು ತಟ್ಟೆಯ ಮುಂದೆ ಕೂತು, "ಅವನು ಇವತ್ತು ಏನೋ ಗುನುಗ್ತಿದ್ದ, ಕೇಳಿಸ್ತಾ?" ಎಂದರು.

"ಯಾರು?"

"ಇನ್ಯಾರು? ನಮ್ಮ ಅಂಗಡೀಲಿ ಇಷ್ಟು ವರ್ಷದಲ್ಲಿ ಒಂದು ದಿನ ಹಾಡು ಗುನುಗಿದವನಲ್ಲ."

ನಾನು ಕನ್ನಡಕದ ಫ್ರೇಮು ಬದಲಾಯಿಸಿ ಆಗಲೇ ಎಷ್ಟೋ ದಿನವಾಗಿತ್ತು. ಕಪ್ಪು ಹೋಗಿ ಕಡುಗೆಂಪು ಬಂದಿತ್ತು. ಬೀದಿ ಗುಡಿಸುವವಳೂ ಚೆನ್ನಾಗಿದೆ ಎಂದು ಹೇಳಿದ್ದಳು. ದಿನವೆಲ್ಲ ಬಣ್ಣಬಣ್ಣದ ಫ್ರೇಮುಗಳ ನಡುವೆಯೇ ಬದುಕುವ ಈ ಮನುಷ್ಯನಿಗೆ ಹೆಂಡತಿಯ ಮೂಗಿನ ಮೇಲಿನ ಫ್ರೇಮು ಕಂಡಿರಲಿಲ್ಲ. ಅವನ ಗುನುಗು ಮಾತ್ರ ಕೇಳಿಸಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ. ನನ್ನ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಉರಿಯಿತು.

ಮುಂದಿನ ದಿನಗಳಲ್ಲಿ ಇವರು ಮಾಡಿದ್ದು ಒಂದೆರಡಲ್ಲ. ಒಂದ್ಗೆರೆ ಆಕಳಿಸಿದರೆ ನನ್ನ ಕಡೆ ತಿರುಗಿ ಕಣ್ಣಲ್ಲೇ 'ನೋಡಿದ್ಯಾ' ಎನ್ನುವರು. ಸಂಜೆ ಆರಕ್ಕೆ ಇನ್ನೇನು ಅವನು ಏಪ್ರನ್ ಬಿಚ್ಚಬೇಕು, ಅಷ್ಟರಲ್ಲಿ ಇವರಿಗೆ ಅರ್ಜೆಂಟು ಕೆಲಸವೊಂದು ನೆನಪಾಗುತ್ತಿತ್ತು. ಅವನು ಏಪ್ರನ್ ಮತ್ತೆ ಕಟ್ಟಿಕೊಂಡು ಮುಗಿಸಿ ಹೋಗುವನು. ಅದೂ ಇವರಿಗೆ ಸಮಾಧಾನವಿಲ್ಲ. "ಜಗಳಾನಾದ್ರೂ ಆಡಬಾರದಾ? ಮನಸ್ಸು ಇಲ್ಲಿಲ್ಲ ಅವನಿಗೆ," ಎಂದು ನನ್ನ ಹತ್ತಿರ ಕೊರಗುವರು. ನಡೆದರೆ ಮಂಡಿ ನೋಯುತ್ತದೆ ಎಂದು ಮೂಲೆಯ ತರಕಾರಿ ಅಂಗಡಿಗೂ ನನ್ನನ್ನೇ ಓಡಿಸುತ್ತಿದ್ದವರು, ವಾಯುವಿಹಾರ ಶುರು ಮಾಡಿದರು. ಊರಿನ ಅಷ್ಟು ಬೀದಿಗಳಲ್ಲಿ ಇವರಿಗೆ ಗಾಳಿ ಸಿಗುತ್ತಿದ್ದದ್ದು ಒಂದ್ಗೆರೆಯ ಬೀದಿಯಲ್ಲಿ ಮಾತ್ರ.

ಒಂದು ದಿನ ಹಾಗೆ ಹೋಗಿ ಬಂದವರು ಮೆಟ್ಟಿಲ ಮೇಲೆ ಕೂತು ಹೇಳಿದರು. "ವರಾಂಡದಲ್ಲಿ ಲೈಟ್ ಹಾಕ್ಕೊಂಡು ಕೆಲಸ ಮಾಡ್ತಿದ್ದ. ಗಿರಾಕಿ ಒಬ್ಬ ನಿಂತಿದ್ದ. ಇಬ್ಬರೂ ನಗ್ತಿದ್ರು."

"ನಗಬಾರದಾ?"

"ನಗಲಿ, ಬೇಡ ಅಂದೋರ್ಯಾರು? ಆ ನಗೂನ ಇಲ್ಲಿ ಯಾವತ್ತಾದ್ರೂ ನಗಬಹುದಿತ್ತಲ್ಲ ಅಂದೆ."

ಅಂದು ನನಗೆ ಅತ್ತುಬಿಡುವಷ್ಟು ಸಿಟ್ಟು ಬಂತು. ಇದೇ ಮಾತನ್ನು, ಇದೇ ಧಾಟಿಯಲ್ಲಿ, ಇದೇ ಮೆಟ್ಟಿಲ ಮೇಲೆ ಕೂತು ನನ್ನ ಬಗ್ಗೆ ಇವರು ಹೇಳಲಿ ಎಂದು ನಾನು ಕಾದದ್ದು ಎಷ್ಟು ವರ್ಷ. ನಾನು ಎಲ್ಲಿಗಾದರೂ ಹೋದರೆ ಇವರ ಕಾಲು ತಾನಾಗಿಯೇ ಆ ದಾರಿ ಹಿಡಿಯಬೇಕು, ನಾನು ಬೇರೆ ಯಾರ ಜೊತೆಯಾದರೂ ನಕ್ಕರೆ ಇವರಿಗೆ ಊಟ ಸೇರಬಾರದು. ನನಗೆ ಬೇಕಾಗಿದ್ದದ್ದು ಇಷ್ಟೇ. ಒಂದೇ ಒಂದು ಸಲ ಸಾಕು. ಅದೆಲ್ಲ ಒಬ್ಬ ಗಾಜು ಕೊಯ್ಯುವವನ ಪಾಲಾಯಿತಲ್ಲ ಎಂದು ಅವನ ಮೇಲೂ ಕಣ್ಣು ಕೆಂಪಗೆ ಮಾಡಿಕೊಂಡೆ. ಮಾರನೆಯ ದಿನ ಅವನ ಟೀಗೆ ಸಕ್ಕರೆ ಹಾಕಲಿಲ್ಲ. ಅವನು ಅದನ್ನೂ ಕುಡಿದು ಲೋಟ ತೊಳೆದಿಟ್ಟ.

ಸಿಟ್ಟು ಇಳಿಯದೆ ಒಂದು ಭಾನುವಾರ ನಾನೇ ಅವನ ಮನೆಗೆ ಹೋದೆ, ಅಷ್ಟು ಆಕರ್ಷಣೆ ಏನಿದೆ ನೋಡೋಣವೆಂದು. ವರಾಂಡದ ತುಂಬ ತೊಟ್ಟಿಗಳು. ಒಳಗೆ ಮಂಚದ ಕೆಳಗೂ ತೊಟ್ಟಿ. ಸೋರುತ್ತದೆಯೋ ಇಲ್ಲವೋ ನೋಡಲು ಎಲ್ಲದಕ್ಕೂ ನೀರು ತುಂಬಿ, ಕೆಳಗೆ ಹಳೇ ಪತ್ರಿಕೆ ಹಾಸಿದ್ದ. ಅವನ ಹೆಂಡತಿ ನನಗೆ ಕೂರಲು ಜಾಗ ಹುಡುಕಿ ಹುಡುಕಿ ಕೊನೆಗೆ ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿಕೊಟ್ಟಳು.

"ನೀವಾದ್ರೂ ಒಂದು ಮಾತು ಹೇಳಿ ಅಕ್ಕಾ," ಎಂದಳು. "ಮುಂಚೆ ಸಂಜೆ ಮನೆಗೆ ಬಂದ್ರೆ ಮನುಷ್ಯರ ಥರ ಕೂತು ಮಾತಾಡ್ತಿದ್ರು. ಈಗ ಅಂಟು ಒಣಗೋವರೆಗೂ ಅದರ ಮುಖ ನೋಡ್ಕೊಂಡು ಕೂತಿರ್ತಾರೆ. ನನ್ನ ಮುಖಾನ ಅಷ್ಟು ಹೊತ್ತು ಯಾವತ್ತೂ ನೋಡಿದವರಲ್ಲ."

ಅವಳ ಕೈ ಹಿಡಿದುಕೊಂಡೆ. ಒಂದೇ ರೋಗದ ಇಬ್ಬರು ಆಸ್ಪತ್ರೆಯಲ್ಲಿ ಸಿಕ್ಕಂತಾಯಿತು. ಒಂದ್ಗೆರೆ ಮಾತ್ರ ವರಾಂಡದಲ್ಲಿ ಶಿಳ್ಳೆ ಹಾಕುತ್ತ ಗಾಜಿನ ಅಂಚು ಉಜ್ಜುತ್ತಿದ್ದ. ಅಂಗಡಿಯಲ್ಲಿ ಬಗ್ಗಿಯೇ ಇರುವ ಅವನ ಬೆನ್ನು ಇಲ್ಲಿ ನೆಟ್ಟಗಿತ್ತು. ನನ್ನನ್ನು ನೋಡಿ, "ಬನ್ನಿ ಅಕ್ಕಾವ್ರೇ, ನಮ್ಮ ಅಂಗಡಿಗೆ," ಎಂದ. ಅಲ್ಲಿ ಬೋರ್ಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಆದರೂ ಅವನು 'ನಮ್ಮ ಅಂಗಡಿ' ಎಂದದ್ದು ನನ್ನ ಕಿವಿಗೆ ಚುಚ್ಚಿತು. ಇಷ್ಟು ವರ್ಷ ಆ ಕೌಂಟರಿನಲ್ಲಿ ಕೂತು ನಾನೂ 'ನಮ್ಮ ಅಂಗಡಿ' ಎನ್ನುತ್ತೇನೆ. ಬೋರ್ಡಿನ ಮೇಲೆ ಇರುವುದು ನಮ್ಮ ಮಾವನವರ ಹೆಸರು.

ಇದಾದ ಸ್ವಲ್ಪ ದಿನಕ್ಕೆ ನಮ್ಮವರ ಅಂಗಿಯಲ್ಲಿ ವಾಸನೆ ಬರತೊಡಗಿತು. ಬಟ್ಟೆ ಒಗೆಯಲು ಹಾಕುವಾಗ ಮೂಗಿಗೆ ಹೊಡೆಯಿತು. ಹುಳಿಹುಳಿಯಾದ ಒಂಥರಾ ವಾಸನೆ. ಬೇರೆ ಹೆಂಗಸರಿಗೆ ಗಂಡನ ಅಂಗಿಯಲ್ಲಿ ಸೆಂಟಿನ ವಾಸನೆ ಸಿಗುತ್ತದಂತೆ. ನನಗೆ ಸಿಕ್ಕಿದ್ದು ತೊಟ್ಟಿಯ ಗಾಜು ಅಂಟಿಸುವ ಸಿಲಿಕಾನ್ ಅಂಟಿನ ವಾಸನೆ. ಒಂದ್ಗೆರೆಯ ವರಾಂಡದಲ್ಲಿ ಇದೇ ವಾಸನೆ ಇತ್ತು.

"ರೀ, ಅವನ ಮನೆಗೆ ಹೋಗಿದ್ರಾ?"

"ಇಲ್ವಲ್ಲ."

"ಮತ್ತೆ ಈ ವಾಸನೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಇವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬೆರಳ ತುದಿಯಲ್ಲೆಲ್ಲ ಅಂಟು. ಆಮೇಲೆ ಹೇಳಿದರು. ಒಂದ್ಗೆರೆ ಡಬ್ಬಿ ಹಿಡಿದು ಹೊರಗೆ ಊಟಕ್ಕೆ ಹೋದ ಹೊತ್ತಿನಲ್ಲಿ, ಮತ್ತೆ ಬೆಳಿಗ್ಗೆ ಅವನು ಬರುವ ಮುಂಚೆ, ಅಂಗಡಿಯ ಅಟ್ಟದ ಮೇಲೆ ಇವರೂ ಒಂದು ಮೀನಿನ ತೊಟ್ಟಿ ಮಾಡುತ್ತಿದ್ದಾರೆ.

"ಯಾಕ್ರೀ?"

"ಅದೇನು ದೊಡ್ಡ ಬ್ರಹ್ಮವಿದ್ಯೆನಾ? ಐದು ಗಾಜು, ಒಂದಿಷ್ಟು ಅಂಟು. ಅಂಗಡಿ ಮುಂದೆ ಇಟ್ಟು ತೋರಿಸ್ತೀನಿ. ಇಲ್ಲೂ ಮಾಡಬಹುದಿತ್ತು, ನಮ್ಮ ಜೊತೇನೇ ಮಾಡಬಹುದಿತ್ತು ಅಂತ ಅವನಿಗೆ ಗೊತ್ತಾಗಲಿ."

ಅವರ ಕಣ್ಣು ನೋಡಿದೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದ ದಿನವೂ ಆ ಕಣ್ಣಲ್ಲಿ ಅಷ್ಟು ಬೆಳಕಿರಲಿಲ್ಲ. ಹಾಳಾಗಿ ಹೋಗಲಿ ಎಂದುಕೊಂಡು ಅಂಗಿಯನ್ನು ಎರಡು ಸಲ ಜಾಸ್ತಿಯೇ ಬಡಿದು ಒಗೆದೆ.

ತೊಟ್ಟಿ ಸಿದ್ಧವಾಯಿತು. ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಒಂದ್ಗೆರೆಯ ತೊಟ್ಟಿಗಳಲ್ಲಿ ಒಂದು ಗಾಜಿನ ಅಂಚು ಇನ್ನೊಂದರ ಮೈಗೆ ಸುಮ್ಮನೆ ತಾಗಿ ನಿಂತಿರುತ್ತದೆ, ನಡುವೆ ಅಂಟಿನ ದಪ್ಪ ಗೆರೆ ಕಾಣುತ್ತದೆ. ನಮ್ಮವರು ಅದನ್ನು ಹೇಗೆ ಸಹಿಸಬೇಕು? ಒಂದ್ಗೆರೆ ಫೋಟೋಗೆಂದು ಕೊಯ್ದಿಟ್ಟಿದ್ದ ತೆಳ್ಳನೆಯ ಗಾಜನ್ನೇ ತೆಗೆದುಕೊಂಡು, ಪ್ರತಿ ಅಂಚನ್ನೂ ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಓರೆ ಮಾಡಿ, ಮರದ ಪಟ್ಟಿ ಕೂಡಿಸುವ ಹಾಗೆ ಮೂಲೆಗಳನ್ನು ಕೂಡಿಸಿದ್ದರು. ಎಷ್ಟು ನಯವಾಗಿ ಕೂತಿತ್ತೆಂದರೆ ಅಂಟು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಹಚ್ಚಿದ ಅಂಟೆಲ್ಲ ಹೊರಗೆ ಒತ್ತಿಕೊಂಡು ಹೋಗಿ, ಸಂದಿಯಲ್ಲಿ ನಿಜವಾಗಿಯೂ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಕಟ್ಟು ಹಾಕುವವನು ಮಾತ್ರ ಮಾಡಬಹುದಾದ ತಪ್ಪು ಅದು.

ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ ತೊಟ್ಟಿಯನ್ನಿಟ್ಟು, ನೀರು ತುಂಬಿ, ಎರಡು ಕೆಂಪು ಮೀನು ತಂದು ಬಿಟ್ಟರು. ಒಂದ್ಗೆರೆ ಬೆಳಿಗ್ಗೆ ಬಂದು ನೋಡಿದ. ಹತ್ತಿರ ಹೋದ. ಅಂಚಿನ ಮೇಲೆ ಬೆರಳಿಟ್ಟ.

"ಹೇಗಿದೆ?" ಎಂದರು ಇವರು, ಎದೆ ಮುಂದೆ ಮಾಡಿಕೊಂಡು.

"ಯಜಮಾನ್ರೇ, ನೀರು ಸ್ವಲ್ಪ ಕಮ್ಮಿ ಮಾಡೋಣವಾ?"

"ಯಾಕೆ? ನಿನ್ನ ತೊಟ್ಟೀಲಿ ತುಂಬ ನೀರಿರಬಹುದು, ನಮ್ಮದರಲ್ಲಿ ಇರಬಾರದಾ?"

ಅವನು ಮೇಜಿನ ಹತ್ತಿರ ಹೋಗುವ ದಾರಿಯಲ್ಲಿ, ಕಪಾಟಿನ ಕೆಳಗಿದ್ದ ರಟ್ಟಿನ ಹಾಳೆಗಳ ಕಂತೆಯನ್ನು ಎತ್ತಿ ದೂರ ಇಟ್ಟ. ನನಗೆ ಆಗಲೇ ಗೊತ್ತಾಯಿತು. ಒಡೆಯಲಿ ಎಂದೇ ಕೌಂಟರಿನಲ್ಲಿ ಕೂತಿದ್ದೆ.

ಮಧ್ಯಾಹ್ನ ಹಲ್ಲಿನ ಡಾಕ್ಟರು ಬಂದಿದ್ದರು. ಹೊಸ ಕ್ಲಿನಿಕ್ಕಿಗೆಂದು ಒಂದಷ್ಟು ಚಿತ್ರಗಳಿಗೆ ಕಟ್ಟು ಹಾಕಿಸುತ್ತಿದ್ದರು. ಯಾವ ಚಿತ್ರದ ಸುತ್ತ ಯಾವ ಬಣ್ಣದ ರಟ್ಟು ಎಂದು ನಾನು ತೋರಿಸುತ್ತಿದ್ದಾಗ 'ಟಕ್' ಎಂದು ಒಂದು ಸಣ್ಣ ಸದ್ದು. ಅಷ್ಟೇ. ಆಮೇಲೆ ನೀರು. ತಳದ ಗಾಜು ಕಳಚಿಕೊಂಡು, ಪಕ್ಕದ ಗಾಜು ಬಿದ್ದು ಚೂರಾಗಿ, ನೀರೆಲ್ಲ ಕಪಾಟಿನಿಂದ ಕೌಂಟರಿಗೆ, ಕೌಂಟರಿನಿಂದ ಡಾಕ್ಟರ ಪ್ಯಾಂಟಿಗೆ ಹರಿಯಿತು. ಒಂದು ಮೀನು ನನ್ನ ರಸೀತಿ ಪುಸ್ತಕದ ಮೇಲೆ, ಇನ್ನೊಂದು ನೆಲದ ಮೇಲೆ ಒದ್ದಾಡುತ್ತಿದ್ದವು.

ಮಾಡಿದ್ದುಣ್ಣೋ ಮಹಾರಾಯ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಒಂದ್ಗೆರೆ ಓಡಿ ಬಂದ. ತನ್ನ ಊಟದ ಡಬ್ಬಿಗೆ ಕುಡಿಯುವ ನೀರು ಸುರಿದು ಎರಡೂ ಮೀನನ್ನು ಹಿಡಿದು ಹಾಕಿದ. ಡಾಕ್ಟರಿಗೆ ಬಟ್ಟೆ ಕೊಟ್ಟ. ಗಾಜಿನ ಚೂರುಗಳನ್ನು ಗುಡಿಸಿದ. ನಮ್ಮವರು ನಿಂತಲ್ಲೇ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ. ಈಗ ಅವನು ನಗುತ್ತಾನೆ, ಇವರು ಬಯ್ಯುತ್ತಾರೆ, ಅವನು ಏಪ್ರನ್ ಬಿಚ್ಚಿ ಎಸೆದು ಹೋಗುತ್ತಾನೆ, ಅಲ್ಲಿಗೆ ಪೀಡೆ ತೊಲಗಿತು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಅವನು ಉಳಿದಿದ್ದ ಒಂದು ಮೂಲೆಯ ತುಂಡನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಯಜಮಾನ್ರೇ, ಗಾಜಲ್ಲಿ ಈ ಥರ ಮೂಲೆ ಕೂಡಿಸಿದ್ದನ್ನ ನಾನು ನೋಡೇ ಇಲ್ಲ. ನನ್ನ ಕೈಲಿ ಆಗೋ ಕೆಲಸ ಅಲ್ಲ ಇದು."

"ಒಡೆದುಹೋಯ್ತಲ್ಲೋ," ಎಂದರು ನಮ್ಮವರು, ಮಗುವಿನ ದನಿಯಲ್ಲಿ.

"ತೊಟ್ಟಿಗೆ ಅಂಟಿಗೆ ಜಾಗ ಬಿಡಬೇಕು, ಗಾಜು ದಪ್ಪ ಬೇಕು. ಅದೊಂದು ಬಿಟ್ರೆ... ಸಂಜೆ ಮನೆ ಕಡೆ ಬರ್ತೀರಾ? ತೋರಿಸ್ತೀನಿ. ಮೇಲ್ಮುಚ್ಚಳಕ್ಕೆ ಮರದ ಕಟ್ಟು ಬೇಕು ಅಂತ ಗಿರಾಕಿಗಳು ಕೇಳ್ತಾರೆ. ನನಗೆ ಮರದ ಮೂಲೆ ಕೂರಿಸೋಕೆ ಬರಲ್ಲ."

ಇವರು ಅವನ ಹೆಗಲ ಮೇಲೆ ಕೈ ಇಟ್ಟರು. ನಾನು ಒದ್ದೆ ರಸೀತಿಗಳನ್ನು ಬಿಡಿಸಿ ಹರಡುತ್ತ ನೋಡುತ್ತಲೇ ಇದ್ದೆ. ನಮ್ಮಿಬ್ಬರ ಮಧ್ಯೆ ಎಷ್ಟೋ ಜಗಳಗಳಾಗಿವೆ, ಯಾವುದೂ ಹೀಗೆ ಮುಗಿದದ್ದಿಲ್ಲ. ನಮ್ಮ ಜಗಳ ಮುಗಿಯುವುದು ಇಬ್ಬರಲ್ಲಿ ಒಬ್ಬರಿಗೆ ನಿದ್ದೆ ಬಂದಾಗ.

ಅಂದಿನಿಂದ ಹೊಸ ಏರ್ಪಾಟು ಶುರುವಾಯಿತು. ಬೆಳಗಿನಿಂದ ಆರರವರೆಗೆ ನಮ್ಮವರು ಯಜಮಾನ, ಒಂದ್ಗೆರೆ ಕೆಲಸಗಾರ. ಆರು ಹೊಡೆದರೆ ಇಬ್ಬರೂ ಜೊತೆಯಲ್ಲೇ ಇಳಿದು ಹೋಗುವರು. ಅಲ್ಲಿ ಒಂದ್ಗೆರೆ ಯಜಮಾನ, ಇವರು ಮುಚ್ಚಳಕ್ಕೆ ಮರದ ಕಟ್ಟು ಮಾಡಿಕೊಡುವ ಕೆಲಸಗಾರ. ಮಂಡಿ ನೋವು ಎಲ್ಲಿ ಹೋಯಿತೋ ಏನೋ. ಬರುವಾಗ ಮೈಯೆಲ್ಲ ಹುಳಿ ವಾಸನೆ, ಮುಖದ ತುಂಬ ನಗು. "ಇವತ್ತು ಅವನು ನನ್ನ ಬೈದ ಕಣೇ. ಮುಚ್ಚಳಕ್ಕೆ ಗಾಳಿ ಹೋಗೋ ತೂತು ಬಿಟ್ಟಿರಲಿಲ್ಲ ಅಂತ," ಎಂದು ಬಹುಮಾನ ಬಂದವರಂತೆ ಹೇಳುವರು. ನಾನು ಬೈದರೆ ಪತ್ರಿಕೆ ಅಡ್ಡ ಹಿಡಿಯುವವರು ಇವರೇ.

ಸಂಜೆಯ ಅಂಗಡಿ ನನ್ನ ಪಾಲಿಗೆ ಬಿತ್ತು. ಗಿರಾಕಿಗಳಿಗೆ ಮಾಲು ಕೊಡುವುದು, ಕಸ ಗುಡಿಸುವುದು, ಶಟರ್ ಎಳೆಯುವುದು. ಶಟರ್ ಎಳೆಯುವಾಗ ಒಬ್ಬಳೇ ಗೊಣಗಿಕೊಳ್ಳುತ್ತಿದ್ದೆ. ಊರಿಗೆಲ್ಲ ಎರಡೆರಡು ಕೆಲಸ, ಎರಡೆರಡು ಮುಖ. ನನಗೆ ಮಾತ್ರ ಇದೇ ಕೌಂಟರು. ಅದೂ ನೌಕರಿಯಲ್ಲ, ಕರ್ತವ್ಯ. ನೌಕರಿಯಾದರೆ ಬಿಡುತ್ತೇನೆಂದು ಹೆದರಿಸಬಹುದು.

ಹಲ್ಲಿನ ಡಾಕ್ಟರು ಚಿತ್ರಗಳನ್ನು ಒಯ್ಯಲು ಬಂದದ್ದು ಅಂಥದೊಂದು ಸಂಜೆ. ನಮ್ಮ ಗಿರಾಕಿಗಳು ಚಿತ್ರ ಕೈಗೆ ಬಂದಮೇಲೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವರೂ ಕೇಳಿದರು.

"ಅಲ್ಲಮ್ಮಾ, ಇದನ್ನೆಲ್ಲ ಎಲ್ಲಿ ಹಾಕೋದು? ಹೋದ ಸಲದ್ದು ಹಾಕಿಸಿದೆ, ರೋಗಿಗಳು ಕತ್ತೆತ್ತಿ ನೋಡಬೇಕು. ಅಷ್ಟು ಮೇಲೆ ಮೊಳೆ ಹೊಡೆದಿದ್ದಾನೆ."

"ಎಲ್ಲರೂ ಮಾಡೋದೇ ಅದು. ನಿಂತವರ ಕಣ್ಣಿಗೆ ನೋಡ್ಕೊಂಡು ಹೊಡೀತಾರೆ. ನಿಮ್ಮ ಕ್ಲಿನಿಕ್ಕಲ್ಲಿ ಜನ ಕೂತಿರ್ತಾರೆ, ಕೂತವರ ಕಣ್ಣಿಗೆ ಹೊಡೀಬೇಕು. ಒಳಗಿನ ಕೋಣೇಲಿ ಕುರ್ಚಿ ಮೇಲೆ ಮಲಗಿರ್ತಾರೆ, ಅಲ್ಲಿ ಇನ್ನೊಂದು ಲೆಕ್ಕ."

ಡಾಕ್ಟರು ನನ್ನನ್ನು ದಿಟ್ಟಿಸಿ ನೋಡಿದರು. "ನೀವೇ ಬಂದು ಹಾಕಿಕೊಡಬಾರದಾ? ಕೆಲಸ ಅಂತಲೇ ಬನ್ನಿ. ನನಗೆ ಗೊತ್ತಿರೋರು ಇನ್ನೂ ಇಬ್ಬರು ಮೂವರು ಇದೇ ಗೋಳು ಹೇಳ್ತಿದ್ರು."

ಅಡುಗೆಮನೆ, ಕೌಂಟರು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಬನ್ನಿ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ, ಹೊರಗೆ ಬಂದದ್ದು ಮಾತ್ರ, "ಬರ್ತೀನಿ."

ಮಾರನೆಯ ದಿನ ಒಂದ್ಗೆರೆಯ ಹತ್ತಿರ ಗೋಡೆಗೆ ತೂತು ಕೊರೆಯುವ ಮೆಷೀನು ಕೇಳಿದೆ. ಯಾಕೆಂದು ಹೇಳಿದೆ.

"ಯಜಮಾನ್ರಿಗೆ ಹೇಳಿದ್ರಾ ಅಕ್ಕಾವ್ರೇ?" ಎಂದ.

"ನೀನು ಹೇಳಿದ್ದೆಯಲ್ಲ. ಹೇಳಿ ಏನು ಸುಖ ಕಂಡೆ?"

ಅವನು ತಲೆ ಕೆರೆದುಕೊಂಡು ನಕ್ಕ. ಊಟದ ಹೊತ್ತಿನಲ್ಲಿ ಮನೆಗೆ ಹೋಗಿ ಮೆಷೀನು ತಂದುಕೊಟ್ಟು, ಸಿಮೆಂಟಿನ ಗೋಡೆಗೆ ಯಾವ ಮೊನೆ, ಟೈಲ್ಸಿಗೆ ಯಾವ ಮೊನೆ ಎಂದು ತೋರಿಸಿದ. ಅವನ ಟೀಗೆ ಅಂದು ಸಕ್ಕರೆ ಸರಿಯಾಗಿ ಹಾಕಿದೆ.

ಸಂಜೆ ಅವರಿಬ್ಬರೂ ಹೊರಟ ಮೇಲೆ ಶಟರ್ ಎಳೆದು, ಮಟ್ಟ ನೋಡುವ ರಸಮಟ್ಟ, ಟೇಪು, ಪೆನ್ಸಿಲ್ಲು, ಮೆಷೀನು ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ. ಮೊದಲು ರೋಗಿಗಳ ಬೆಂಚಿನಲ್ಲಿ ಕೂತು ನೋಡಿದೆ. ಆಮೇಲೆ ಗುರುತು ಹಾಕಿದೆ. ಮೊದಲ ತೂತು ಕೊರೆಯುವಾಗ ಗೋಡೆಯೇ ನಡುಗಿತೆಂದು ಅನ್ನಿಸಿತು. ಎರಡನೆಯದಕ್ಕೆ ಅಭ್ಯಾಸವಾಯಿತು. ಮೂರನೆಯದಕ್ಕೆ ಖುಷಿ ಬಂತು. ಹಲ್ಲು ಕೀಳಿಸಿಕೊಳ್ಳಲು ಬಂದ ಅಜ್ಜಿಯೊಬ್ಬರು, "ಸ್ವಲ್ಪ ಎಡಕ್ಕೆ ತಗೊಳಮ್ಮಾ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಕೆಲಸ ಮುಗಿಸಿ, ದೂರ ನಿಂತು ನೋಡಿದಾಗ ಚಿತ್ರಗಳೆಲ್ಲ ಒಂದೇ ಮಟ್ಟದಲ್ಲಿ ನೆಟ್ಟಗೆ ಕೂತಿದ್ದವು. ಆ ಗೋಡೆಯನ್ನು ಬಿಟ್ಟು ಬರಲು ಮನಸ್ಸೇ ಆಗಲಿಲ್ಲ.

ಮನೆಗೆ ಬಂದರೆ ನಮ್ಮವರು ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ತೊಟ್ಟಿಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಾರೆಂದು ಗೊತ್ತಾಯಿತು, ಅಂಗಿಯ ಒಂದು ತೋಳು ಇನ್ನೂ ಮಡಿಸಿದಂತೆಯೇ ಇತ್ತು.

"ಎಲ್ಲಿಗೆ ಹೋಗಿದ್ದೆ? ಒಂದ್ಗೆರೆ ಬಾಯಿ ತಪ್ಪಿ ಏನೋ ಅಂದ. ಮೆಷೀನು ಅಂತೆ, ಡಾಕ್ಟರಂತೆ."

"ಕೆಲಸಕ್ಕೆ ಹೋಗಿದ್ದೆ."

"ಕೆಲಸ ಇಲ್ಲೇ ಇಲ್ವಾ?"

"ಇದೆ. ಅದು ಹಗಲಿಂದು. ಇದು ನಂದು. ಸಂಜೆ ಹೊತ್ತು ಚಿತ್ರ ಹಾಕಿಕೊಡ್ತೀನಿ, ಅವರವರ ಮನೇಗೆ ಹೋಗಿ."

"ಡಾಕ್ಟರು ಅಲ್ಲೇ ಇದ್ರಾ?"

"ಅವರು ರೋಗಿ ಬಾಯೊಳಗಿದ್ರು. ನಾನು ಗೋಡೆ ಹತ್ರ ಇದ್ದೆ."

"ಅವರು ತುಂಬ ಮಾತಾಡ್ತಾರೆ, ಅಲ್ವಾ? ಅವತ್ತು ಕೌಂಟರಲ್ಲೂ ನಿಂತೇ ಇದ್ರು. ನಕ್ಕೊಂಡು ನಕ್ಕೊಂಡು."

ನಾನು ಮೆಟ್ಟಿಲ ಕಡೆ ನಡೆದೆ. ಇವರು ನನ್ನ ಹಿಂದೆಯೇ ಮೆಟ್ಟಿಲು ಹತ್ತಿದರು. ಮುಂದಿನ ಮನೆ ಯಾರದು, ಅಲ್ಲಿ ಯಾರ್ಯಾರಿದ್ದಾರೆ, ಎಷ್ಟು ಹೊತ್ತಾಗಬಹುದು, ಕತ್ತಲಾದರೆ ಹೇಗೆ ಎಂದು ಒಂದರ ಮೇಲೊಂದು ಕೇಳುತ್ತಲೇ ಇದ್ದರು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಇಣುಕಿದರು. ಗಂಟಲು ಸರಿಮಾಡಿಕೊಂಡು ಹೇಳಿದರು.

"ನಾಳೆ ನಾನೂ ಬರ್ಲಾ? ಮೆಷೀನು ಭಾರ ಇರುತ್ತೆ. ನಾನು ಹಿಡ್ಕೋತೀನಿ, ನೀನು ಎಲ್ಲಿ ಅಂತ ಹೇಳು ಸಾಕು."

ತಿರುಗಿ ನೋಡಿದೆ. ಎಷ್ಟೋ ವರ್ಷ ಇವರಿಂದ ಕೇಳಬೇಕೆಂದು ಕಾದದ್ದು ಈ ಮಾತನ್ನೇ, ನೋಡಬೇಕೆಂದು ಕಾದದ್ದು ಈ ಒದ್ದಾಟದ ಮುಖವನ್ನೇ. ಎರಡೂ ಎದುರಿಗೇ ಇದ್ದವು. ಹೂಂ ಎಂದರೆ ಸಾಕಿತ್ತು.

"ಬೇಡ," ಎಂದೆ.

"ಬೇಡವಾ?"

"ಬೇಡ. ನಾನೊಬ್ಬಳೇ ಹೋಗ್ತೀನಿ."

ಅವರು ಚೀಲ ಹಿಡಿದುಕೊಂಡು ಹಾಗೆಯೇ ನಿಂತರು. ಇಷ್ಟಕ್ಕಾಗಿ ನಾನು ಕಾದಿದ್ದೆ, ಆದರೆ ಅದನ್ನು ಇನ್ನಷ್ಟು ಹೊತ್ತು ನೋಡುತ್ತ ನಿಲ್ಲಬೇಕೆಂದು ನನಗೆ ಅನ್ನಿಸಲಿಲ್ಲ. ಕೈಕಾಲು ತೊಳೆದುಕೊಂಡು ಒಲೆ ಹಚ್ಚಿದೆ. ಡಾಕ್ಟರು ಗೊತ್ತುಮಾಡಿದ ನಾಳೆಯ ಮನೆಯಲ್ಲಿ ಮೆಟ್ಟಿಲ ಪಕ್ಕದ ಗೋಡೆಯಂತೆ. ಹತ್ತುವವರ ಕಣ್ಣು ಒಂದು ಕಡೆ, ಇಳಿಯುವವರ ಕಣ್ಣು ಇನ್ನೊಂದು ಕಡೆ ಇರುತ್ತದೆ. ಮೊದಲ ಮೊಳೆ ಎಲ್ಲಿ ಹೊಡೆಯಬೇಕೆಂದು ಯೋಚಿಸುತ್ತಿದ್ದೆ, ಹಿಂದಿನಿಂದ ಇವರು ಇನ್ನೂ ಏನೋ ಕೇಳುತ್ತಿದ್ದರು.